ಅಪ್‌ಡೇಟ್: ನಮ್ಮ ವಕೀಲರ ಕಚೇರಿಯ ಫೇಸ್‌ಬುಕ್ ಪ್ರಚಾರ ಏನಾಯಿತು?

ಮಡಿಕೇರಿಯ ನಮ್ಮ ವಕೀಲರ ಕಚೇರಿಗಾಗಿ ಹಣ ಕೊಟ್ಟು ಫೇಸ್‌ಬುಕ್‌ನಲ್ಲಿ ಪ್ರಚಾರ ಮಾಡಿಸಬಹುದೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ.

ಪ್ರಚಾರ ಕೈಬಿಟ್ಟೆವು. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಜಾಹೀರಾತನ್ನು ನಿಷೇಧಿಸುತ್ತದೆ. 2008ರ ತಿದ್ದುಪಡಿ ಅನುಮತಿಸಿರುವುದು ಜಾಲತಾಣದಲ್ಲಿ ಹೆಸರು, ವಿಳಾಸ, ದೂರವಾಣಿ, ನೋಂದಣಿ, ವಿದ್ಯಾರ್ಹತೆ, ವೃತ್ತಿಕ್ಷೇತ್ರ ಮುಂತಾದ ವಿವರಗಳನ್ನು ಮಾತ್ರ. ಗೆದ್ದ ಮೊಕದ್ದಮೆಗಳ ಪಟ್ಟಿ ಹಾಕಿ ಎಂದವರು ದಯವಿಟ್ಟು ಇದನ್ನು ಗಮನಿಸಿ.

ಈಗ ಬ್ಲಾಗಿನಲ್ಲಿ ಮಾಹಿತಿಯನ್ನಷ್ಟೇ ಬರೆಯುತ್ತಿದ್ದೇವೆ: ಜಮ್ಮಾ ಬಾಣೆಯ (ಕೊಡಗಿನ ಕುಟುಂಬಗಳ ವಂಶಪಾರಂಪರ್ಯ ಜಮೀನಿನ) ದಾಖಲೆಯಲ್ಲಿ ಪಟ್ಟೆದಾರರ, ಅಂದರೆ ಕುಟುಂಬದ ಮುಖ್ಯಸ್ಥರ, ಹೆಸರು ಮಾತ್ರ ಇದ್ದರೆ ಕುಟುಂಬದ ಉಳಿದವರು ಯಾವ ಕಾಗದಪತ್ರ ಜೋಪಾನ ಮಾಡಬೇಕು, ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಏನೇನು ಬೇಕು, ಇಂಥವು. ವಿರಾಜಪೇಟೆ, ಸೋಮವಾರಪೇಟೆ ಕಡೆಯ ಓದುಗರು ಅವನ್ನು ವಾಟ್ಸ್‌ಆ್ಯಪ್‌ನಲ್ಲಿ ತಾವಾಗಿಯೇ ಹಂಚಿಕೊಳ್ಳುತ್ತಿದ್ದಾರೆ. ನಮ್ಮ ಹಿರಿಯ ವಕೀಲರು ಬ್ಲಾಗಿನ ಬಗ್ಗೆ ಇನ್ನೂ ಗೊಣಗುತ್ತಾರೆ. ಆದರೂ ಲೇಖನಗಳನ್ನು ತಿದ್ದಿಕೊಡುವವರೂ ಅವರೇ.