ಪದ ಬೇಕು: ರೇಡಿಯೋ ನಾಟಕದ ಹಾರರ್, ಸಸ್ಪೆನ್ಸ್, ಸೌಂಡ್ ಎಫೆಕ್ಟ್ಸ್ – ನಾಳೆ ಸಂಜೆ ಫಲಕ ಅಚ್ಚಿಗೆ

ಶ.ವಿ. ಬರೆದದ್ದು:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಹಳೆಯ ರೇಡಿಯೋ ನಾಟಕಗಳನ್ನು ಕತ್ತಲ ಕೋಣೆಯಲ್ಲಿ ಕೂರಿಸಿ ಕೇಳಿಸುವ ಕಾರ್ಯಕ್ರಮಕ್ಕೆ ಕನ್ನಡ ಫಲಕ ಬರೆದುಕೊಡಬೇಕಿದೆ. ನಾಳೆ ಸಂಜೆ ಐದಕ್ಕೆ ಅಚ್ಚಿಗೆ ಹೋಗುತ್ತದೆ.

ಹಾರರ್‌ಗೂ ಸಸ್ಪೆನ್ಸ್‌ಗೂ ಬೇರೆ ಬೇರೆ ಫಲಕ. ಮೊದಲನೆಯದು 'ಲೈಟ್ಸ್ ಔಟ್' ಬಗ್ಗೆ: 1934ರಲ್ಲಿ ಷಿಕಾಗೋದಲ್ಲಿ ವಿಲಿಸ್ ಕೂಪರ್ ಶುರುಮಾಡಿದ ನಡುರಾತ್ರಿಯ ಸರಣಿ, 1936ರಲ್ಲಿ ಆರ್ಚ್ ಓಬೋಲರ್ ಕೈಗೆ ಬಂತು. ಎರಡನೆಯದು ಅಮೆರಿಕದ ರೇಡಿಯೋ ಜಾಲ ಸಿಬಿಎಸ್‌ನ 'ಸಸ್ಪೆನ್ಸ್' (1942–1962). ನಿಘಂಟು ತೆರೆದರೆ ಹಾರರ್‌ಗೆ ಭಯಾನಕ, ಭೀಕರ, ಬೀಭತ್ಸ, ಘೋರ ಎಲ್ಲವೂ ಒಂದೇ ಸಾಲಿನಲ್ಲಿವೆ. ಸಸ್ಪೆನ್ಸ್‌ಗೆ 'ಕುತೂಹಲ' ಅನ್ನುವುದು ತೀರಾ ಸಪ್ಪೆ.

ಇನ್ನೊಂದು ಫಲಕ ಸೌಂಡ್ ಎಫೆಕ್ಟ್ಸ್ ಮೇಜಿನದು. 'ಧ್ವನಿ ಪರಿಣಾಮ' ಎಂದು ಬರೆದು ಹೊಡೆದುಹಾಕಿದೆ. ಕಾರ್ಖಾನೆಯ ಗದ್ದಲದಿಂದ ಕಿವಿಗಾಗುವ ಹಾನಿಯಂತೆ ಕೇಳುತ್ತದೆ. ಆ ಕೆಲಸ ಮಾಡುವವರನ್ನು ಏನೆನ್ನೋಣ? ಜೊತೆಗೆ 'ಇನ್ನರ್ ಸ್ಯಾಂಕ್ಟಮ್' ಸರಣಿ (1941–1952) ಶುರುವಾಗುತ್ತಿದ್ದುದೇ ಬಾಗಿಲು ತೆರೆಯುವ ಸದ್ದಿನಿಂದ. ಅದಕ್ಕೊಂದು ಕ್ರಿಯಾಪದ ಬೇಕು. 'ಕರಕರ' ಆಗದು, ಅದು ಹಪ್ಪಳಕ್ಕೆ.

ಗ.ನಾ. ಬರೆದದ್ದು:

ಹಾರರ್ – ದಿಗಿಲು. ಸಸ್ಪೆನ್ಸ್ – ತವಕ. ರೇಡಿಯೋ ನಾಟಕ – ಬಾನುಲಿಯಾಟ. ಸೌಂಡ್ ಎಫೆಕ್ಟ್ಸ್ – ಸದ್ದುಗಾರಿಕೆ, ಮಾಡುವವನು ಸದ್ದುಗಾರ. ಎಲ್ಲವೂ ಅಚ್ಚಗನ್ನಡ. 'ಬಾನುಲಿ ನಾಟಕ' ಎಂದು ಮಾತ್ರ ಬರೆಯಬೇಡಿ, ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ. ಇದರಲ್ಲಿ ಚರ್ಚೆಗೇನಿದೆ?

ವಿ.ರಾ. ಬರೆದದ್ದು:

ಚರ್ಚೆಗೆ ಬೇಕಾದಷ್ಟಿದೆ. 'ಸದ್ದು' ಅಚ್ಚಗನ್ನಡವಲ್ಲ: ಶಬ್ದ, ಪ್ರಾಕೃತದಲ್ಲಿ ಸದ್ದ, ನಮ್ಮಲ್ಲಿ ಸದ್ದು. '-ಗಾರ' ಕೂಡ '-ಕಾರ'ದ ತದ್ಭವ. 'ದನಿ' ಎನ್ನಲು ಹೊರಟರೆ ಅದೂ 'ಧ್ವನಿ'ಯೇ. ಅಚ್ಚಗನ್ನಡವೇ ಬೇಕೆಂದರೆ ಉಲಿ, ಸಪ್ಪಳ ಇವೆ. ಬಾನುಲಿಯಲ್ಲಿ ಉಲಿಯನ್ನು ಆಗಲೇ ಖರ್ಚು ಮಾಡಿದ್ದೀರಿ.

ಹಾರರ್‌ಗೆ ಹೊಸ ಪದ ಹುಡುಕುವ ಅಗತ್ಯವೇ ಇಲ್ಲ, ನಾಟ್ಯಶಾಸ್ತ್ರದ ಭರತ ರಸಗಳನ್ನು ಬೇರ್ಪಡಿಸಿಟ್ಟಿದ್ದಾನೆ. ಭಯಾನಕಕ್ಕೆ ಸ್ಥಾಯಿ, ಅಂದರೆ ನೆಲೆನಿಂತ ಭಾವ, ಭಯ, ಬೀಭತ್ಸಕ್ಕೆ ಸ್ಥಾಯಿ ಜುಗುಪ್ಸೆ. ಕತ್ತಲಲ್ಲಿ ಹೆಜ್ಜೆ ಹತ್ತಿರವಾದರೆ ಭಯಾನಕ. ಕೇಳುಗನಿಗೆ ಹೊಟ್ಟೆ ತೊಳಸಿದರೆ ಬೀಭತ್ಸ. ಓಬೋಲರ್ 1937ರಲ್ಲಿ ಬರೆದ 'ದಿ ಡಾರ್ಕ್' ನಾಟಕದಲ್ಲಿ ಮನುಷ್ಯರ ಒಳಗು ಹೊರಗಾಗುತ್ತದೆ, ಚರ್ಮ ಒಳಕ್ಕೆ, ಮಾಂಸ ಹೊರಕ್ಕೆ. ಅದನ್ನು 'ದಿಗಿಲು' ಎಂದರೆ ಯಾರು ಒಪ್ಪುತ್ತಾರೆ? ರಾತ್ರಿ ನಾಯಿ ಊಳಿಟ್ಟರೂ ದಿಗಿಲೇ.

ಹೆ.ಸ. ಬರೆದದ್ದು:

ಪದಕ್ಕಿಂತ ಮೊದಲು ಮೇಜನ್ನು ನೋಡಿ, ಆಮೇಲೆ ಹೆಸರಿಡೋಣ.

ವಿ.ರಾ. ಅವರು ಹೇಳಿದ ನಾಟಕದಲ್ಲಿ ಆ ಸದ್ದು ಬಂದದ್ದು ಎರಡು ವಸ್ತುಗಳಿಂದ. ಒದ್ದೆ ರಬ್ಬರ್ ಕೈಗವಸನ್ನು ಮೈಕಿನ ಬಳಿ ನಿಧಾನವಾಗಿ ಕೈಯಿಂದ ಸುಲಿಯುವುದು, ಅದೇ ಹೊತ್ತಿಗೆ ಹಣ್ಣು ತುಂಬುವ ತೆಳು ಮರದ ಬುಟ್ಟಿಯನ್ನು ಹಿಸುಕುವುದು. ರಬ್ಬರು ಚರ್ಮ, ಬುಟ್ಟಿಯ ಪಟ್ಟಿಗಳು ಎಲುಬು. ತಲೆ ಕಡಿಯುವುದಕ್ಕೆ ಎಲೆಕೋಸು. ಬೆಂಕಿಗೆ ಸೆಲ್ಲೋಫೇನ್ ಹಾಳೆ: ಮುದುರಿ ಮುಷ್ಟಿ ಸಡಿಲಿಸಬೇಕು, ಅದು ತಾನಾಗಿ ಬಿಚ್ಚಿಕೊಳ್ಳುವಾಗ ಬರುವ ಚಟಪಟವೇ ಬೆಂಕಿ. ಮುದುರುತ್ತಲೇ ಇದ್ದರೆ ಯಾರೋ ಮಿಠಾಯಿ ಪೊಟ್ಟಣ ಬಿಚ್ಚಿದಂತೆ ಕೇಳುತ್ತದೆ. ಹಿಮದ ಮೇಲಿನ ನಡಿಗೆಗೆ ಚರ್ಮದ ಚೀಲದಲ್ಲಿ ಕಾರ್ನ್‌ಫ್ಲೋರ್. ಹೆಜ್ಜೆಗೆ ಎರಡು ಹಿಸುಕು, ಮೊದಲು ಹಿಮ್ಮಡಿಯದು, ಹಿಂದೆಯೇ ಮುಂಗಾಲಿನದು. ಒಂದೇ ಹಿಸುಕಾದರೆ ಮನುಷ್ಯ ಕುಂಟುತ್ತಾನೆ. ಹಿಟ್ಟು ತೇವ ಎಳೆದುಕೊಂಡು ಗಂಟಾದರೆ ಸದ್ದೇ ಸತ್ತುಹೋಗುತ್ತದೆ, ಬೇರೆ ಹಿಟ್ಟು ತುಂಬಬೇಕು.

ನಿಜವಾದ ಬೆಂಕಿ, ನಿಜವಾದ ಮಳೆ ಯಾಕೆ ಕೆಲಸಕ್ಕೆ ಬರುತ್ತಿರಲಿಲ್ಲ? ಮನೆಯ ಎಎಂ ರೇಡಿಯೋ ಮುಟ್ಟಿಸುತ್ತಿದ್ದುದು ಸುಮಾರು 5,000 ಹರ್ಟ್ಸ್‌ವರೆಗೆ. ಅದಕ್ಕಿಂತ ಎತ್ತರದ ಸ್ವರಗಳ ಸೂಕ್ಷ್ಮ ಕತ್ತರಿಸಿಹೋದರೆ ಮಳೆ, ಬೆಂಕಿ, ಚಪ್ಪಾಳೆ ಎಲ್ಲವೂ ಒಂದೇ 'ಸೊಯ್' ಆಗುತ್ತವೆ. ಆದ್ದರಿಂದ ಕಿವಿ ಗುರುತು ಹಿಡಿಯುವ ಒಂದೇ ಲಕ್ಷಣವನ್ನು ಎತ್ತಿಕೊಂಡು, ಅದನ್ನು ಮಾತ್ರ ಮಾಡಿ ತೋರಿಸುತ್ತಿದ್ದರು. ಆರ್‌ಸಿಎ 44 ಎಂಬ ಸ್ಟುಡಿಯೋದ ರಿಬ್ಬನ್ ಮೈಕು ಹಿಂದೆ ಮುಂದೆ ಕೇಳುತ್ತದೆ, ಎರಡು ಪಕ್ಕ ಕಿವುಡು. ತೀರಾ ಹತ್ತಿರ ಬಂದು ಪಿಸುಗುಟ್ಟಿದರೆ ತಗ್ಗುಸ್ವರ ಊದಿಕೊಳ್ಳುತ್ತದೆ. ಕೊಲೆಗಾರನ ಪಾತ್ರಕ್ಕೆ ಅದೇ ಬೇಕು. ಒಳಗಿನ ಲೋಹದ ಪಟ್ಟಿ ಬಲು ತೆಳು, ಎದುರಿಗೇ ಖಾಲಿ ತೋಟಾ ಹಾರಿಸಿದರೆ ಹಾಳಾಗುತ್ತದೆ. ಹಾಗಾಗಿ ಬಂದೂಕು ದೂರದಲ್ಲಿ, ಇಲ್ಲವೇ ಚರ್ಮದ ದಿಂಬಿಗೆ ಬೆತ್ತದ ಏಟು. ಇದೆಲ್ಲ ನೇರ ಪ್ರಸಾರ. ಎಷ್ಟೋ ಕಾರ್ಯಕ್ರಮಗಳನ್ನು ಪೂರ್ವ ತೀರಕ್ಕೊಮ್ಮೆ, ಮೂರು ಗಂಟೆ ಬಿಟ್ಟು ಪಶ್ಚಿಮ ತೀರಕ್ಕೆ ಇನ್ನೊಮ್ಮೆ ಪೂರ್ತಿ ಆಡುತ್ತಿದ್ದರು. ಒಮ್ಮೆ ಕಡಿದ ಕೋಸು ಎರಡನೆಯ ಆಟಕ್ಕೆ ಬರುವುದಿಲ್ಲ.

ಒಂದು ವಸ್ತು ಇನ್ನೊಂದರ ವೇಷ ಹಾಕುವುದೇ ಇಲ್ಲಿಯ ವಿದ್ಯೆ. 'ಸೋಗಿನ ಸದ್ದು' ಎನ್ನಬಾರದೇಕೆ?

ಬಾಗಿಲಿನ ವಿಷಯ. 'ಇನ್ನರ್ ಸ್ಯಾಂಕ್ಟಮ್'ನ ನಿರ್ಮಾಪಕ ಹೈಮನ್ ಬ್ರೌನ್ ಬಾಗಿಲನ್ನೇ ಬಳಸಲು ಹೊರಟರೂ ಅದು ಸದ್ದು ಮಾಡಲಿಲ್ಲ. ಕೊನೆಗೆ ಬಳಸಿದ್ದು ತುಕ್ಕು ಹಿಡಿದ ತಿರುಗು ಕುರ್ಚಿ. ಯಾರೋ ಒಮ್ಮೆ ಆ ಕುರ್ಚಿಗೆ ಎಣ್ಣೆ ಹಾಕಿಬಿಟ್ಟರು, ಅವತ್ತು ಸದ್ದಿನವರು ಬಾಯಲ್ಲೇ ಮಾಡಬೇಕಾಯಿತು.

ಗ.ನಾ. ಬರೆದದ್ದು:

ಸೋಗು ಬೇಡ. ಮರಾಠಿಯ ಸೋಂಗ್‌ನ ನೆಂಟ, ಮೇಲಾಗಿ ಸೋಗಲಾಡಿಯ ವಾಸನೆ. ಮರ್ಯಾದಸ್ಥ ಕಸುಬಿಗೆ ಬೈಗುಳದ ಹೆಸರು ಯಾಕೆ? ತದ್ಭವವೇ ಆಗಲಿ, 'ಸದ್ದು' ಸಾವಿರ ವರ್ಷ ನಮ್ಮ ಮನೆಯಲ್ಲಿ ಉಂಡಿದೆ. ಅದು ಕನ್ನಡ.

ವಿ.ರಾ. ಬರೆದದ್ದು:

ಹಾಗಿದ್ದರೆ 'ನಾಟಕ'ವೂ ಉಂಡಿದೆ. ಅರಿಸಮಾಸದ ತಕರಾರು ಬಿಡಿ.

ಲ.ಕೃ. ಬರೆದದ್ದು:

ಸಸ್ಪೆನ್ಸ್‌ಗೆ ಬರೋಣ, ಅದನ್ನು ಎಲ್ಲರೂ ದಾಟಿಹೋದಿರಿ. 'ತವಕ' ಖಂಡಿತ ತಪ್ಪು. ಆಗಬೇಕು ಎಂದು ಬಯಸುವುದಕ್ಕೆ ತವಕ. 1943ರ ಮೇ 25ರಂದು 'ಸಸ್ಪೆನ್ಸ್' ಸರಣಿಯಲ್ಲಿ ಬಂದ 'ಸಾರಿ, ರಾಂಗ್ ನಂಬರ್' ತೆಗೆದುಕೊಳ್ಳಿ. ಬರೆದವರು ಲುಸಿಲ್ ಫ್ಲೆಚರ್, ಆಡಿದವರು ಆಗ್ನೆಸ್ ಮೂರ್‌ಹೆಡ್. ಹಾಸಿಗೆ ಹಿಡಿದ ಹೆಂಗಸು ಫೋನಿನ ತಂತಿ ಅಡ್ಡಬಿದ್ದು, ರಾತ್ರಿ ಹನ್ನೊಂದೂಕಾಲಿಗೆ ನಡೆಯಬೇಕಾದ ಕೊಲೆಯ ಮಾತು ಕೇಳಿಸಿಕೊಳ್ಳುತ್ತಾಳೆ. ಆ ಹೊತ್ತಿಗೆ ಸೇತುವೆ ಮೇಲೆ ಹೋಗುವ ರೈಲಿನ ಸದ್ದಿನಲ್ಲಿ ಕೂಗು ಮುಚ್ಚಿಹೋಗುತ್ತದೆ ಎನ್ನುವುದು ಅವರ ಲೆಕ್ಕ. ಸಾಯುವವಳು ಅವಳೇ ಎನ್ನುವುದು ನಮಗೆ ಅವಳಿಗಿಂತ ಮೊದಲೇ ಹೊಳೆಯುತ್ತದೆ. ಅಲ್ಲಿಂದ ಮುಂದೆ ಪ್ರತಿ ಸಲ ಡಯಲ್ ತಿರುಗಿ ವಾಪಸು ಬರುವ 'ಟರ್ರ್' ಕೂಡ ಹೊತ್ತು ತಿನ್ನುತ್ತದೆ. ಆಗದಿರಲಿ ಎಂದು ಬೇಡುತ್ತಲೇ ಕಿವಿ ಕೀಳಲಾಗದೆ ಕೂರುತ್ತೇವೆ.

ಇದಕ್ಕೆ 'ಕಾತರ'. ಸಂಸ್ಕೃತದಲ್ಲಿ ಕಾತರ ಎಂದರೆ ಅಂಜಿದವನು. ಕನ್ನಡದಲ್ಲಿ ಕಾಯುವ ತಹತಹ. ಹೆದರಿಕೆಯೂ ಹಂಬಲವೂ ಒಂದೇ ಪದದಲ್ಲಿವೆ. 'ಆತಂಕ'ದಲ್ಲಿ ಹಂಬಲ ಇಲ್ಲ, 'ಕುತೂಹಲ'ದಲ್ಲಿ ಹೆದರಿಕೆ ಇಲ್ಲ. ಸರಣಿಯ ಹೆಸರು ಅಂಕಿತನಾಮ, ಅದನ್ನು 'ಸಸ್ಪೆನ್ಸ್' ಎಂದೇ ಬಿಡಿ.

ಇನ್ನೊಂದು: 'ಮಾಡುವವನು ಸದ್ದುಗಾರ' ಎಂದರಲ್ಲ ಗ.ನಾ. ಅವರೆ, ಸಿಬಿಎಸ್‌ನಲ್ಲಿ ಆ ವಿಭಾಗ ನಡೆಸುತ್ತಿದ್ದವರು ಓರಾ ನಿಕಲ್ಸ್, ಹೆಂಗಸು. 1938ರ ಅಕ್ಟೋಬರ್ 30ರ 'ವಾರ್ ಆಫ್ ದಿ ವರ್ಲ್ಡ್ಸ್' ನಾಟಕದಲ್ಲಿ ಮಂಗಳ ಗ್ರಹದವರು ಬಂದಿಳಿದ ಉರುಳೆಯ ಮುಚ್ಚಳ ತಿರುಗುವ ಸದ್ದಿಗೆ, ಗುಂಯ್ಗುಡುವ ಶೌಚಾಲಯದಲ್ಲಿ ಜಾಡಿಯ ಮುಚ್ಚಳ ತಿರುಗಿಸಿದ್ದು ಅವರ ತಂಡ. ಹಾಡುಗಾರ್ತಿಯಂತೆ ಸದ್ದುಗಾರ್ತಿ ಎನ್ನಿ, ಇಲ್ಲವೇ 'ಸದ್ದಿನವರು'. ಹೆ.ಸ. ಅವರ ಕೈಗೆ ಆ ಪದ ತಾನಾಗಿ ಬಂದಿದೆ, ನೋಡಿ.

ರ.ಭ. ಬರೆದದ್ದು:

ಜನ ಹಾರರ್, ಸಸ್ಪೆನ್ಸ್ ಎನ್ನುತ್ತಾರೆ. ಸಿನಿಮಾ ಪೋಸ್ಟರಿನಲ್ಲೂ ಅದೇ. ಓದುವವರಿಗಾಗಿ ಬರೆಯಿರಿ, ನಿಘಂಟಿಗಾಗಿ ಅಲ್ಲ.

ಗ.ನಾ. ಬರೆದದ್ದು:

1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಖಾಸಗಿ ನಿಲಯ ತೆರೆದಾಗಲೂ ಜನ ರೇಡಿಯೋ ಎಂದೇ ಅನ್ನುತ್ತಿದ್ದರು. ಆದರೂ 'ಆಕಾಶವಾಣಿ' ಎಂದು ಹೆಸರಿಟ್ಟರು. ಇಡೀ ದೇಶದ ಬಾಯಲ್ಲಿ ಅದು ನಿಂತಿತು. ಪದ ಕೊಡದೆ ಬಳಕೆ ಬರುವುದಿಲ್ಲ.

ವಿ.ರಾ. ಬರೆದದ್ದು:

ಆ ಪದ ಪೂರಾ ಸಂಸ್ಕೃತ ಎನ್ನುವುದನ್ನೂ ಸೇರಿಸಿ.

ರ.ಭ. ಬರೆದದ್ದು:

ಮನೆಯಲ್ಲಿ ಈಗಲೂ 'ರೇಡಿಯೋ ಹಾಕು' ಎನ್ನುತ್ತಾರೆ. ನಿಲಯದ ಹೆಸರು ನಿಂತಿತು, ಯಂತ್ರದ ಹೆಸರು ಬದಲಾಗಲಿಲ್ಲ. ಎರಡನ್ನೂ ಬೆರೆಸಬೇಡಿ.

ಹೆ.ಸ. ಬರೆದದ್ದು:

ಸೋಗು ಹಿಂದಕ್ಕೆ ತೆಗೆದುಕೊಂಡೆ, ಸೋಗಲಾಡಿಯ ಮಾತು ಸರಿ. ಬಾಗಿಲಿಗೆ: 'ಕಿರ್ರೆಂದಿತು' ಒಮ್ಮೆ ಆಗಿ ಮುಗಿಯುವ ಸದ್ದು. '-ಗುಟ್ಟು' ಸೇರಿದರೆ ಎಳೆಯುತ್ತದೆ, ಮರುಕಳಿಸುತ್ತದೆ: ಪಿಸುಗುಟ್ಟು, ಗೊಣಗುಟ್ಟು. ಆ ಬಾಗಿಲು ವಾರವಾರವೂ ನಿಧಾನವಾಗಿ ತೆರೆಯುತ್ತಿತ್ತು. 'ಕಿರುಗುಟ್ಟುವ ಬಾಗಿಲು' ಎನ್ನಿ.

ಶ.ವಿ. ಬರೆದದ್ದು:

ಎಲ್ಲರಿಗೂ ಧನ್ಯವಾದ. ಫಲಕಗಳು ಹೀಗೆ ಹೋಗುತ್ತಿವೆ. 'ಭಯಾನಕ, ಬೀಭತ್ಸ: ನಡುರಾತ್ರಿಯ ರೇಡಿಯೋ ನಾಟಕಗಳು', ಕೆಳಗೆ ಸಣ್ಣಕ್ಷರದಲ್ಲಿ ಹಾರರ್. 'ಕಾತರದ ಅರ್ಧ ಗಂಟೆ', ಕೆಳಗೆ ಸಸ್ಪೆನ್ಸ್. 'ಸದ್ದಿನವರ ಮೇಜು'. 'ಕಿರುಗುಟ್ಟುವ ಬಾಗಿಲು, ಅಂದರೆ ಒಂದು ಕುರ್ಚಿ'. ಮೇಜಿನ ಮೇಲೆ ಕೈಗವಸು, ಬುಟ್ಟಿ, ಸೆಲ್ಲೋಫೇನ್, ಹಿಟ್ಟಿನ ಚೀಲ ಇಡುತ್ತೇವೆ. ಬಂದವರು ಮಾಡಿ ನೋಡಬಹುದು.

ಗ.ನಾ. ಬರೆದದ್ದು:

'ಬಾನುಲಿ' ಎಲ್ಲೂ ಇಲ್ಲ. ನನ್ನ ಆಕ್ಷೇಪಣೆ ಇರಲಿ.

ವಿ.ರಾ. ಬರೆದದ್ದು:

ಕರಡು ತಿದ್ದುವಾಗ 'ಬೀಭತ್ಸ' ನೋಡಿಕೊಳ್ಳಿ. ಮೊದಲಕ್ಷರ ಅಲ್ಪಪ್ರಾಣ, ದೀರ್ಘ, ಎರಡನೆಯದು ಮಹಾಪ್ರಾಣ. ಅಚ್ಚಿನವರು ಹತ್ತಕ್ಕೆ ಒಂಬತ್ತು ಸಲ 'ಭೀಭತ್ಸ' ಮಾಡುತ್ತಾರೆ.