ನೇಪಾಳ–ಬಾಂಗ್ಲಾ ವಿದ್ಯುತ್ ಮಾರಾಟ 40 ಮೆಗಾವ್ಯಾಟಿಗೇ ಯಾಕೆ ನಿಂತಿದೆ?

ಹೊಳೆಸಾಲು:
2024ರ ಅಕ್ಟೋಬರ್ 3ರಂದು ಕಠ್ಮಂಡುವಿನಲ್ಲಿ ನೇಪಾಳ, ಭಾರತ, ಬಾಂಗ್ಲಾದೇಶ ಸಹಿ ಹಾಕಿದ ಒಪ್ಪಂದದಲ್ಲಿ ಇರುವುದು ಬರೀ 40 ಮೆಗಾವ್ಯಾಟ್. ಅದೂ ಜೂನ್ 15ರಿಂದ ನವೆಂಬರ್ 15ರವರೆಗೆ ಮಾತ್ರ. ಮಳೆಗಾಲದಲ್ಲಿ ನೇಪಾಳಕ್ಕೆ ವಿದ್ಯುತ್ ಮಿಗುತ್ತದೆ, ಬಾಂಗ್ಲಾಕ್ಕೆ ಬೇಕಾಗಿದೆ, ನಡುವೆ ಭಾರತದ ಗ್ರಿಡ್ ಇದೆ. ಮತ್ತೆ ತಡೆ ಎಲ್ಲಿ? ರಾಜಕೀಯ ಬಿಡಿ, ತಾಂತ್ರಿಕ ಕಾರಣ ತಿಳಿದವರು ಹೇಳಿ.

ಬಸ್‌ಬಾರ್:
ತಡೆ ಇರುವುದು ಬಾಂಗ್ಲಾದ ಭೇರಾಮಾರಾದಲ್ಲಿ. ನೇಪಾಳದ ಧಲ್ಕೇಬರಿನಿಂದ ಬಿಹಾರದ ಮುಜಫ್ಫರ್‌ಪುರಕ್ಕೆ ಬರುವ 400 ಕೆವಿ ಲೈನಿನಿಂದಾಗಿ ನೇಪಾಳದ ಗ್ರಿಡ್ಡೂ ಭಾರತದ ಗ್ರಿಡ್ಡೂ ಒಂದೇ ಫ್ರೀಕ್ವೆನ್ಸಿಯಲ್ಲಿ (ಎಸಿ ವಿದ್ಯುತ್ ಸೆಕೆಂಡಿಗೆ ಎಷ್ಟು ಆವರ್ತ ಹಾಕುತ್ತದೆ ಎಂಬ ಲೆಕ್ಕ) ಜೊತೆಯಾಗಿ ಓಡುತ್ತವೆ. ಬಾಂಗ್ಲಾದ್ದು ಬೇರೆ ಗ್ರಿಡ್. ಪಶ್ಚಿಮ ಬಂಗಾಳದ ಬಹರಾಂಪುರದಿಂದ ಹೋದ ಲೈನು ಭೇರಾಮಾರಾದ ಬ್ಯಾಕ್-ಟು-ಬ್ಯಾಕ್ ಎಚ್‌ವಿಡಿಸಿ (ಹೈ-ವೋಲ್ಟೇಜ್ ಡಿಸಿ) ಸ್ಟೇಷನ್ ಸೇರುತ್ತದೆ. ಅಲ್ಲಿ ಎಸಿಯನ್ನು ಡಿಸಿ ಮಾಡಿ, ಅದೇ ಆವರಣದಲ್ಲಿ ಮತ್ತೆ ಎಸಿ ಮಾಡಿ ಆ ಕಡೆಗೆ ಬಿಡುತ್ತಾರೆ. 2013ರಲ್ಲಿ 500 ಮೆಗಾವ್ಯಾಟಿನ ಒಂದು ಬ್ಲಾಕ್, 2018ರಲ್ಲಿ ಇನ್ನೊಂದು. ಈ 1000 ಮೆಗಾವ್ಯಾಟನ್ನು ಭಾರತದಿಂದ ಕೊಳ್ಳುವ ಹಳೇ ಒಪ್ಪಂದಗಳೇ ಬಹುತೇಕ ತುಂಬಿಬಿಟ್ಟಿವೆ. ಉಳಿದ ಸಂದಿಯಲ್ಲಿ ತೂರಿಸಿದ್ದೇ ಈ 40.

ತ್ರಿಪುರಾದ ಸೂರ್ಯಮಣಿನಗರದಿಂದ ಕೊಮಿಲ್ಲಾಕ್ಕೆ ಹೋಗುವ ಲೈನಿದೆಯಲ್ಲ ಎಂದು ಕೇಳಬಹುದು. ಅಲ್ಲಿ ಎಸಿ–ಡಿಸಿ ಮಾಡುವ ಕನ್ವರ್ಟರ್ ಇಲ್ಲ. ಬಾಂಗ್ಲಾದ ಒಂದು ತುಂಡನ್ನು ಅದರ ಗ್ರಿಡ್ಡಿನಿಂದ ಬೇರ್ಪಡಿಸಿ ತ್ರಿಪುರಾ ಕಡೆಯಿಂದ ಉಣಿಸುವ ವ್ಯವಸ್ಥೆ ಅದು. ಆ ತುಂಡಿನ ಲೋಡ್ ಎಷ್ಟೋ ಅಷ್ಟೇ ಹೋಗುತ್ತದೆ.

ಹೊಳೆಸಾಲು:
ಹಾಗಾದರೆ ಭೇರಾಮಾರಾದಲ್ಲಿ ಮೂರನೇ ಬ್ಲಾಕ್ ಹಾಕಿದರೆ ಮುಗಿಯಿತಲ್ಲವೇ?

ರಿಲೇ49:
ಮುಗಿಯುವುದಿಲ್ಲ. 2014ರ ನವೆಂಬರ್ 1ನ್ನು ನೆನಪಿಸಿಕೊಳ್ಳಿ. ಭೇರಾಮಾರಾ ಸ್ಟೇಷನ್ ಟ್ರಿಪ್ ಆಯಿತು (ತಾನಾಗಿ ಕಡಿದುಕೊಂಡಿತು), ಸುಮಾರು 444 ಮೆಗಾವ್ಯಾಟ್ ಒಮ್ಮೆಲೇ ಹೋಯಿತು, ಇಡೀ ಬಾಂಗ್ಲಾದೇಶ ಕತ್ತಲಾಯಿತು. ಆ ಹೊತ್ತಿನ ಲೋಡಿನ ಸುಮಾರು ಹತ್ತನೇ ಒಂದು ಭಾಗ ಒಂದೇ ಕಡೆಯಿಂದ ಬರುತ್ತಿತ್ತು.

ಲೆಕ್ಕ ಹಾಕಿ ನೋಡಿ. ಫ್ರೀಕ್ವೆನ್ಸಿ ಬೀಳುವ ವೇಗ ಎಂದರೆ ಗ್ರಿಡ್ಡಿನ ಮಾಮೂಲಿ ಫ್ರೀಕ್ವೆನ್ಸಿಯಾದ 50 ಹರ್ಟ್ಜನ್ನು ಕಳೆದುಕೊಂಡ ಪಾಲಿನಿಂದ ಗುಣಿಸಿ, ಜಡತ್ವದ (ತಿರುಗುತ್ತಿರುವ ಭಾರೀ ಯಂತ್ರಗಳಲ್ಲಿ ಕೂಡಿರುವ ಶಕ್ತಿಯ ಅಳತೆ) ಸೆಕೆಂಡುಗಳ ಎರಡರಷ್ಟರಿಂದ ಭಾಗಿಸಬೇಕು. ಜಡತ್ವ 4 ಸೆಕೆಂಡ್, ಕಳೆದದ್ದು ಶೇ. 10 ಎಂದುಕೊಂಡರೆ 50 × 0.1 ÷ 8, ಅಂದರೆ ಸೆಕೆಂಡಿಗೆ 0.625 ಹರ್ಟ್ಜ್. 49ಕ್ಕೆ ಇಳಿಯಲು 1.6 ಸೆಕೆಂಡ್ ಸಾಕು. ಟರ್ಬೈನಿನ ವೇಗ ನಿಯಂತ್ರಿಸುವ ಗವರ್ನರ್ ಉತ್ಪಾದನೆ ಹೆಚ್ಚಿಸಲು ಇನ್ನೂ ಹಲವು ಸೆಕೆಂಡ್ ಬೇಕು. ಹಾಗಾಗಿ ಗ್ರಿಡ್ ಉಳಿಸಬೇಕಾದ್ದು ಫ್ರೀಕ್ವೆನ್ಸಿ ಇಳಿದಾಗ ತಾವಾಗಿ ಲೋಡ್ ಕಡಿಯುವ ಅಂಡರ್-ಫ್ರೀಕ್ವೆನ್ಸಿ ರಿಲೇಗಳು. ಅವು ತಕ್ಷಣ ಸಾಕಷ್ಟು ಫೀಡರ್ (ಊರು, ಬಡಾವಣೆಗಳಿಗೆ ವಿದ್ಯುತ್ ಒಯ್ಯುವ ಲೈನು) ಕತ್ತರಿಸದಿದ್ದರೆ ಜನರೇಟರುಗಳು ತಮ್ಮನ್ನು ಕಾಪಾಡಿಕೊಳ್ಳಲು ಒಂದೊಂದಾಗಿ ಹೊರಬೀಳುತ್ತವೆ. ಎಷ್ಟೋ ಕಡೆ ಮೊದಲ ಹಂತದ ಪಟ್ಟಿಯಲ್ಲಿರುವ ಫೀಡರುಗಳಲ್ಲಿ ಆ ಹೊತ್ತಿಗೆ ಲೋಡೇ ಇರುವುದಿಲ್ಲ. ಉದಾಹರಣೆಗೆ, ಕಾಗದದಲ್ಲಿ 500 ಮೆಗಾವ್ಯಾಟ್, ಕತ್ತರಿಸಿದಾಗ 200.

ಆದ್ದರಿಂದ ಆಮದಿನ ಮಿತಿಯನ್ನು ಗರಿಷ್ಠ ಬೇಡಿಕೆ ನೋಡಿ ಹಾಕಬಾರದು. ಚಳಿಗಾಲದ ನಡುರಾತ್ರಿಯ ಕನಿಷ್ಠ ಲೋಡ್ ನೋಡಿ ಹಾಕಬೇಕು; ಲೋಡ್ ಕಡಿಮೆಯಿದ್ದಷ್ಟೂ ಅಷ್ಟೇ ಮೆಗಾವ್ಯಾಟ್ ಹೋದರೂ ಕಳೆದುಕೊಂಡ ಪಾಲು ದೊಡ್ಡದು. ಒಂದೇ ದೋಷದಿಂದ ಎಷ್ಟು ಹೋಗಬಹುದೋ ಅಷ್ಟಕ್ಕೆ ಓಡುತ್ತಿರುವ ಯಂತ್ರಗಳ ಮೀಸಲು ಮತ್ತು ಫೀಡರ್ ಕಡಿತ ಎರಡೂ ಸೇರಿ ಸಾಲಬೇಕು. ಮೂರನೇ ಬ್ಲಾಕನ್ನು ಅದೇ ಅಂಗಳದಲ್ಲಿ, ಅದೇ ಬಹರಾಂಪುರ ಲೈನಿನ ಮೇಲೆ ಕೂರಿಸಿದರೆ ಅಪಾಯ ಒಂದೇ ಬುಟ್ಟಿಗೆ ಬೀಳುತ್ತದೆ. ಬೇಕಾದ್ದು ಬೇರೆ ದಾರಿ: ಉತ್ತರದಲ್ಲಿ ಬಿಹಾರದ ಕಟಿಹಾರ್‌ನಿಂದ ಬಾಂಗ್ಲಾದ ಪಾರ್ಬತಿಪುರ್ ಮೂಲಕ ಅಸ್ಸಾಮಿನ ಬೊರ್ನಗರ್‌ಗೆ ಹೋಗುವ 765 ಕೆವಿ ಲೈನಿನ ಪ್ರಸ್ತಾಪಕ್ಕೆ ಅದಕ್ಕೇ ಅಷ್ಟು ಬೆಲೆ.

ಮೀಟರ್‌ಬೋರ್ಡು:
ಮಾರುವವರ ಕಡೆಯದ್ದೂ ಸೇರಿಸುತ್ತೇನೆ. ಬೆಲೆ ಯೂನಿಟ್ಟಿಗೆ 6.4 ಅಮೆರಿಕನ್ ಸೆಂಟ್. ಐದು ತಿಂಗಳು ಪೂರ್ತಿ ಹರಿದರೆ ಸುಮಾರು 14.4 ಕೋಟಿ ಯೂನಿಟ್, ಅಂದರೆ ಸುಮಾರು 92 ಲಕ್ಷ ಡಾಲರ್. ಆದರೆ ಲೆಕ್ಕದ ಮೀಟರ್ ಇರುವುದು ಮುಜಫ್ಫರ್‌ಪುರದಲ್ಲಿ; ಅಲ್ಲಿಯವರೆಗಿನ ಲೈನ್ ನಷ್ಟ ನೇಪಾಳದ ತಲೆಗೆ.

ಇನ್ನು ಹೂಳು. ನೇಪಾಳದ ಹೆಚ್ಚಿನ ಸ್ಥಾವರಗಳಿಗೆ ದೊಡ್ಡ ಜಲಾಶಯವಿಲ್ಲ, ಹರಿವ ನೀರೇ ಆಧಾರ. ಜೋರು ಮಳೆಯಲ್ಲಿ ನದಿ ಹೊತ್ತು ತರುವ ಬೆಣಚುಕಲ್ಲಿನ ಮರಳು ಟರ್ಬೈನಿನ ತಿರುಗುವ ಚಕ್ರವಾದ ರನ್ನರನ್ನು ಸವೆಸುತ್ತದೆ. ಮಿತಿ ಮೀರಿದರೆ ಯಂತ್ರ ನಿಲ್ಲಿಸದೆ ವಿಧಿಯಿಲ್ಲ. ವಿದ್ಯುತ್ ಮಿಗುವ ಕಾಲವೇ ಯಂತ್ರ ನಿಲ್ಲುವ ಕಾಲವೂ ಹೌದು! ಎಷ್ಟು ವಿದ್ಯುತ್ ಕೊಡುತ್ತೇವೆ ಎಂಬ ಶೆಡ್ಯೂಲನ್ನು ಮೊದಲೇ ಕೊಡುವುದು 15 ನಿಮಿಷದ ಬ್ಲಾಕುಗಳಲ್ಲಿ, ದಿನಕ್ಕೆ 96. ತಪ್ಪಿದರೆ ವ್ಯತ್ಯಾಸದ ಹಣ ಕಟ್ಟಬೇಕು. ಭಾರತದ ವಿದ್ಯುತ್ ಮಾರುಕಟ್ಟೆಯಾದ ಎಕ್ಸ್‌ಚೇಂಜಿನಲ್ಲಿ ಮರುದಿನಕ್ಕೆ ಮಾರಿದ್ದಾದರೆ ಶೆಡ್ಯೂಲ್ ಬದಲಿಸುವ ಅವಕಾಶವೂ ಇಲ್ಲ. ಬೇರೆ ಬೇರೆ ನದಿಗಳ ಸ್ಥಾವರಗಳನ್ನು ಒಟ್ಟುಗೂಡಿಸಿ ಮಾರಿದರೆ ಈ ಹೊಡೆತ ತಗ್ಗುತ್ತದೆ. ಆದರೆ ಭಾರತದ ಒಪ್ಪಿಗೆ ಸ್ಥಾವರ ಸ್ಥಾವರಕ್ಕೂ ಬೇರೆ: 2021ರ ನವೆಂಬರಿನಲ್ಲಿ ಎಕ್ಸ್‌ಚೇಂಜಿಗೆ ಮೊದಲು ಬಂದದ್ದು ತ್ರಿಶೂಲಿಯ 24 ಮತ್ತು ದೇವಿಘಾಟ್‌ನ 15, ಒಟ್ಟು 39 ಮೆಗಾವ್ಯಾಟ್ ಮಾತ್ರ. ಒಂದು ಸ್ಥಾವರ ನಿಂತಾಗ ಒಪ್ಪಿಗೆಯಿಲ್ಲದ ಪಕ್ಕದ ಸ್ಥಾವರದಿಂದ ತುಂಬಿಕೊಡಲು ಬರುವುದಿಲ್ಲ. ಮುಂದಿನ ಮಾತುಕತೆಯಲ್ಲಿ ಮೊದಲು ಕೇಳಬೇಕಾದ್ದು ಗುಂಪಿಗೆ ಒಂದೇ ಒಪ್ಪಿಗೆ.

ಹೊಳೆಸಾಲು:
ಕನಿಷ್ಠ ಲೋಡಿನ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಜಡತ್ವವನ್ನು 4ರ ಬದಲು 3 ಇಟ್ಟು ನೋಡಿದೆ: ಸೆಕೆಂಡಿಗೆ 0.83 ಹರ್ಟ್ಜ್ ಬಂತು. ಸೌರ ವಿದ್ಯುತ್ ಹೆಚ್ಚಿದಷ್ಟೂ ಜಡತ್ವ ಇಳಿಯುವುದರಿಂದ, ಆಮದಿನ ಮಿತಿಯನ್ನು ಹಗಲಿಗೂ ಬೇರೆಯೇ ಹಾಕಬೇಕಾಗುತ್ತದೆ, ಅಲ್ಲವೇ?

ರಿಲೇ49:
ಹೌದು. ಮೋಡವಿಲ್ಲದ ರಜಾದಿನದ ಮಧ್ಯಾಹ್ನಕ್ಕೆ ಪ್ರತ್ಯೇಕವಾಗಿ ಲೆಕ್ಕ ಹಾಕಿ. ಆ ಮಿತಿ, ಚಳಿಗಾಲದ ರಾತ್ರಿಯ ಮಿತಿ, ಎರಡರಲ್ಲಿ ಯಾವುದು ಕಡಿಮೆಯೋ ಅದರಿಂದ ಶುರುಮಾಡಿ.