ಅಪ್‌ಡೇಟ್: ಬೈಪಾಸ್‌ಗೆ ಲೀಮಾ ತೆಗೆಯುವ ವಿಧಾನ

ಸಕ್ಕರೆ ಕಾಯಿಲೆ ಇರುವವರ ಹೃದಯದ ಬೈಪಾಸ್‌ನಲ್ಲಿ ರಕ್ತಕ್ಕೆ ಹೊಸ ದಾರಿಯಾಗಿ ಜೋಡಿಸುವ ಲೀಮಾವನ್ನು, ಅಂದರೆ ಎದೆಗೂಡಿನ ಎಡ ಒಳ ಅಪಧಮನಿಯನ್ನು, ಸುತ್ತಲಿನ ಪೊರೆ-ಅಭಿಧಮನಿ ಸಮೇತ ತೆಗೆಯಬೇಕೋ, ಬರೀ ನಾಳವನ್ನಷ್ಟೇ ಬಿಡಿಸಬೇಕೋ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಬೆಳಗಾವಿಯ ನಮ್ಮ ತಂಡದ ಈಗಿನ ನಿಲುವು ಇದು.

ಲೀಮಾ ಒಂದೇ ಸಾಕಿದ್ದರೆ ಪೊರೆ ಸಮೇತ ತೆಗೆಯುವುದೇ ಬೇಗ, ನಾಳಕ್ಕೆ ಪೆಟ್ಟೂ ಕಡಿಮೆ. ಬಲಗಡೆಯ ಒಳ ಅಪಧಮನಿಯೂ ಬೇಕಾದರೆ, ಅದರಲ್ಲೂ ಸಕ್ಕರೆ ಇದ್ದರೆ, ಬರೀ ನಾಳ ಬಿಡಿಸುವುದೇ ಸರಿ. ಎದೆಮೂಳೆಗೆ ರಕ್ತ ಹೆಚ್ಚು ಉಳಿಯುತ್ತದೆ, ಗಾಯ ಆಳದಲ್ಲಿ ಕೀವಾಗುವ ಅಪಾಯ ತಗ್ಗುತ್ತದೆ, ಉದ್ದವೂ ಜಾಸ್ತಿ ಸಿಗುತ್ತದೆ.

ಕೆಲಸ ಕೆಡುವುದು ನಾಳದಿಂದ ಹೊರಡುವ ಸಣ್ಣ ಕವಲಿನ ಹತ್ತಿರ. ಕಾಟರಿ (ಬಿಸಿಯಿಂದ ಕತ್ತರಿಸಿ ರಕ್ತ ನಿಲ್ಲಿಸುವ ಉಪಕರಣ) ಕಡಿಮೆ ಪವರ್‌ನಲ್ಲಿರಲಿ. ಕವಲಿಗೆ ಮೊದಲು ಕ್ಲಿಪ್, ಆಮೇಲೆ ಕತ್ತರಿ. ಕ್ಲಿಪ್ ತೀರಾ ಬುಡಕ್ಕೆ ಕೂತರೆ ನಾಳ ಕಿರಿದಾಗುತ್ತದೆ. ಜಗ್ಗಿದರೆ ಕವಲು ಬುಡಸಮೇತ ಕಿತ್ತು ಬರುತ್ತದೆ, ಇಲ್ಲವೇ ಗೋಡೆಯೊಳಗೆ ರಕ್ತ ಸೇರುತ್ತದೆ. ಫೋರ್ಸೆಪ್ಸ್‌ನಿಂದ ನಾಳವನ್ನು ಹಿಡಿಯಲೇಬಾರದು, ಅಂಚಿನ ಪೊರೆ ಹಿಡಿಯಿರಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟ ಮೇಲೆಯೇ ನಾಳದ ಕೆಳತುದಿ ಕತ್ತರಿಸಿ, ನಾಳದ ಬಿಗಿತ ಸಡಿಲಿಸುವ ಪಾಪಾವೆರಿನ್ ಹೊರಗಿನಿಂದ ಹಾಕಿ. ಆದರೆ ಕಂಪಾಸ್ ಎಂಬ ದೊಡ್ಡ ಹೃದ್ರೋಗ ಅಧ್ಯಯನದ 2021ರ ವಿಶ್ಲೇಷಣೆಯಲ್ಲಿ ಬರೀ ನಾಳವಾಗಿ ಬಿಡಿಸಿ ಜೋಡಿಸಿದ ಗ್ರಾಫ್ಟ್‌ಗಳೇ ಹೆಚ್ಚು ಮುಚ್ಚಿಕೊಂಡಿದ್ದವು. ಕೈ ಪಳಗದವರು ಎಲ್ಲ ರೋಗಿಗಳಿಗೂ ಬರೀ ನಾಳ ಬಿಡಿಸಹೋಗುವುದು ಬೇಡ.

ಬೈಪಾಸ್‌ಗೆ ಬಳಸುವ ಇನ್ನೊಂದು ನಾಳವಾದ ಮುಂಗೈ ಅಪಧಮನಿ ಬಗ್ಗೆಯೂ ಕೆಲವರು ಕೇಳಿದ್ದಿರಿ. ಎಂಡೋಸ್ಕೋಪ್‌ನಲ್ಲಿ ಮಣಿಕಟ್ಟಿನ ಬಳಿ ಸಣ್ಣ ಗಾಯ ಸಾಕು. ತೆರೆದು ತೆಗೆದರೆ ಮುಂಗೈಯುದ್ದಕ್ಕೂ ಗಾಯ. ಚರ್ಮದ ನರಕ್ಕೆ ಪೆಟ್ಟಾದರೆ ಹೆಬ್ಬೆರಳ ಬುಡ ಜೋಮು ಹಿಡಿಯುತ್ತದೆ. ದಿನಾ ರೊಟ್ಟಿ ಬಡಿಯುವ ಕೈಗೆ ಅದು ಸಣ್ಣ ತೊಂದರೆಯಲ್ಲ, ಮೊದಲೇ ತಿಳಿಸಿ. ಆಂಜಿಯೋಗ್ರಾಂ ಅದೇ ಮಣಿಕಟ್ಟಿನಿಂದ ಆಗಿದ್ದರೆ ಆ ನಾಳ ಬಿಟ್ಟುಬಿಡಿ, ಒಳಪದರಕ್ಕೆ ಗಾಯವಾಗಿರುತ್ತದೆ.